ರಾರಾವಿಯಲ್ಲಿ ಎಷ್ಟು ಅಕ್ಷರ?

ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಿಂದ ಒಂದು ಪದದಾಟ ಇಡೋಣ ಅಂತ ತೀರ್ಮಾನ ಆಯ್ತು. ಒಂದು ಪದದ ಅಕ್ಷರಗಳನ್ನು ಅದಲು ಬದಲು ಮಾಡಿ ಸ್ಕ್ರೀನ್ ಮೇಲೆ ತೋರಿಸೋದು, ಅದರಲ್ಲಿ ಅಡಗಿರುವ ಪದವನ್ನು ಆಡುವವರು ಹುಡುಕೋದು. ಕೋಡ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪೈಥಾನ್‌ನಲ್ಲಿ ಹತ್ತು ಸಾಲು, ಅರ್ಧ ಗಂಟೆ ಸಾಕು ಅಂದುಕೊಂಡೆ. ಪರೀಕ್ಷೆ ಮಾಡಲು ಮೊದಲು ಹಾಕಿದ ಪದ ನಮ್ಮ ಅಜ್ಜಿಯ ಊರಿನ ಹೆಸರು, ರಾರಾವಿ. ಸಿರುಗುಪ್ಪ ತಾಲ್ಲೂಕಿನಲ್ಲಿ, ಆದೋನಿ ಕಡೆಗೆ ಹೋಗುವ ದಾರಿಯಲ್ಲಿ ಇರುವ ಊರು.

ಪದದ ಉದ್ದ 6 ಅಂತ ಪ್ರೋಗ್ರಾಂ ಹೇಳಿತು. ಸರಿಯಾಗಿದೆ ಅನ್ನಿಸಿತು. ಆಮೇಲೆ ಪದವನ್ನು ತಿರುಗಿಸು ಅಂದೆ. ಸ್ಕ್ರೀನ್ ಮೇಲೆ ಮೊದಲು ಒಂದು ಚುಕ್ಕೆಗಳ ವೃತ್ತ, ಅದರ ಮೇಲೆ ಒಂಟಿಯಾಗಿ ನೇತಾಡುವ ಗುಡಿಸು, ಪಕ್ಕದಲ್ಲಿ 'ವಾರಾರ'. ಇದು ಯಾವ ಭಾಷೆ ಅಂತ ನನ್ನ ರೂಮ್‌ಮೇಟ್ ಕೇಳಿದ.

ಅಜ್ಜಿಗೆ ಫೋನ್ ಮಾಡಿ, "ಅಜ್ಜಿ, ರಾರಾವಿಯಲ್ಲಿ ಎಷ್ಟು ಅಕ್ಷರ?" ಅಂತ ಕೇಳಿದೆ.

"ಮೂರಲ್ಲೇನಪ್ಪಾ! ಇಂಜಿನಿಯರಿಂಗ್ ಓದಾಕ ಹೋಗಿ ಇದನ್ನ ಕೇಳ್ತಿಯಲ್ಲ" ಅಂದರು.

ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. 6 ಅನ್ನೋ ಉತ್ತರ ನನಗೆ ಯಾಕೆ ತಪ್ಪು ಅನ್ನಿಸಲಿಲ್ಲ ಅಂತ ಆಮೇಲೆ ಹೊಳೆಯಿತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ತಲೆಯೊಳಗೆ ಎಣಿಸಿದ್ದು ಆರ್, ಎ, ಆರ್, ಎ, ವಿ, ಐ ಅಂತ. ಅದೂ ಆರೇ! ಕಂಪ್ಯೂಟರ್ ಮತ್ತು ನಾನು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ತಪ್ಪು ಮಾಡಿದ್ವಿ. ಈ ಲೇಖನ ಆ ತಪ್ಪಿನ ಬಗ್ಗೆ.

ಅಕ್ಷರ ಅಂದ್ರೆ ಏನು?

ಅಕ್ಷರ ಅದಲು ಬದಲು ಮಾಡುವ ಆಟ ಇಂಗ್ಲಿಷಿನಲ್ಲಿ ಎಲ್ಲರಿಗೂ ಗೊತ್ತು. 'ಲಿಸನ್' ಪದದ ಆರು ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದರೆ 'ಸೈಲೆಂಟ್' ಆಗುತ್ತದೆ. ಆದರೆ ಈ ಎರಡನ್ನೂ ಕನ್ನಡದಲ್ಲಿ ಬರೆದು ನೋಡಿ, ಅವು ಸಂಬಂಧವೇ ಇಲ್ಲದ ಪದಗಳು. ಯಾಕೆಂದರೆ ಇಂಗ್ಲಿಷ್ ಪದ ಒಡೆಯುವುದು ಬಿಡಿ ಅಕ್ಷರಗಳಾಗಿ. ಕನ್ನಡ ಪದ ಒಡೆಯುವುದು ನಾವು ಒಂದೇ ಉಸಿರಿಗೆ ಹೇಳುವ ತುಂಡುಗಳಾಗಿ. ವ್ಯಂಜನ, ಅದರ ಒತ್ತು, ಅದರ ಗುಣಿತ, ಸೊನ್ನೆ ಎಲ್ಲಾ ಸೇರಿ ಒಂದೇ ಅಕ್ಷರ. ಪೇಪರಿನ ಪದಬಂಧದಲ್ಲಿ 'ಳ್ಳಾ' ಬಂದರೆ ಅದನ್ನು ಒಂದೇ ಚೌಕದಲ್ಲಿ ಬರೆಯುತ್ತೇವೆ. ಯಾರೂ ಅದಕ್ಕೆ ಮೂರು ಚೌಕ ಕೇಳುವುದಿಲ್ಲ.

ಕನ್ನಡದ ಅದಲು ಬದಲು ಆಟ ನಡೆಯುವುದು ಈ ತುಂಡುಗಳ ಮೇಲೆ. ಸರ ತಿರುಗಿದರೆ ರಸ. ಗಜ ತಿರುಗಿದರೆ ಜಗ. ಮದನನ ಮೊದಲೆರಡು ಅಕ್ಷರ ಜಾಗ ಬದಲಾಯಿಸಿದರೆ ದಮನ. ರಮಣನಿಗೆ ಹಾಗೆ ಮಾಡಿದರೆ ಪಾಪ, ಮರಣ. ಎಲ್ಲರಿಗೂ ಗೊತ್ತಿರುವ ಉದಾಹರಣೆ ವಾಲ್ಮೀಕಿಯ ಕಥೆ. ಬೇಡನಾಗಿದ್ದವನಿಗೆ ರಾಮ ಅನ್ನಲು ಬಾಯಿ ತಿರುಗದೆ 'ಮರಾ ಮರಾ' ಅಂತ ಜಪ ಮಾಡಿದ, ಅದೇ ಹೇಳುತ್ತಾ ಹೇಳುತ್ತಾ 'ರಾಮ ರಾಮ' ಆಯಿತು ಅಂತ ಜನ ಹೇಳ್ತಾರೆ. ಕೋಡ್ ಭಾಷೆಯಲ್ಲಿ ಹೇಳಬೇಕೆಂದರೆ ಆ ಕಥೆ ನಿಂತಿರೋದೇ ಎರಡು ಅಕ್ಷರದ ಸ್ವಾಪ್ ಮೇಲೆ.

ತಿರುಗಿಸಿದರೂ ಬದಲಾಗದ ಪದಗಳೂ ಇವೆ: ಗದಗ, ಕನಕ, ಜಲಜ, ಕಿಟಕಿ, ವಿಕಟಕವಿ. ಸ್ವಲ್ಪ ಉದ್ದದ್ದು ಬೇಕಾ? 'ಕುಬೇರನಿಗೇನಿರಬೇಕು' ಅನ್ನೋದನ್ನು ಕೊನೆಯಿಂದ ಓದಿ. ಇದರಲ್ಲಿ ಒಂದು ಮಜಾ ಇದೆ. ಕಿಟಕಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೆ-ಐ-ಟಿ-ಎ-ಕೆ-ಐ. ತಿರುಗಿಸಿದರೆ ಐ-ಕೆ-ಎ-ಟಿ-ಐ-ಕೆ, 'ಇಕಟಿಕ್'. ಚಾಟ್ ಮಾಡುವಾಗ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ನಮ್ಮಂಥವರ ಕಣ್ಣಿಗೆ ಈ ಆಟ ಬೀಳುವುದೇ ಇಲ್ಲ. ಪದ ಅಲ್ಲೇ ಇರುತ್ತೆ, ಅದರ ಕೀಲು ಎಲ್ಲಿದೆ ಅಂತ ಮಾತ್ರ ಕಾಣಲ್ಲ.

ಕಂಪ್ಯೂಟರ್ ಕಂಡ ಕನ್ನಡ

ಈಗ ಆ 6 ಎಲ್ಲಿಂದ ಬಂತು ನೋಡೋಣ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಒಂದು ವಿಭಾಗ ಇದೆ. ಅದರಲ್ಲಿ ರ, ವ ಮುಂತಾದ ವ್ಯಂಜನಕ್ಕೆ ಒಂದೊಂದು ಸಂಖ್ಯೆ, ದೀರ್ಘ, ಗುಡಿಸು, ಕೊಂಬು ಇಂಥ ಚಿಹ್ನೆಗಳಿಗೆ ಬೇರೆ ಒಂದೊಂದು ಸಂಖ್ಯೆ. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ. ಎರಡು ವ್ಯಂಜನದ ನಡುವೆ ವಿರಾಮ ಚಿಹ್ನೆ, ಅಂದರೆ 'ಕ್' ಬರೆಯಲು ಹಾಕುವ ಚಿಹ್ನೆ, ಇಟ್ಟರೆ ಒತ್ತು ಮೂಡುತ್ತದೆ.

ಹಾಗಾಗಿ ರಾರಾವಿ ಅಂದರೆ ರ, ದೀರ್ಘ, ರ, ದೀರ್ಘ, ವ, ಗುಡಿಸು. ಒಟ್ಟು ಆರು. ಬಳ್ಳಾರಿ ನಮಗೆ ಮೂರಕ್ಷರ, ಪೈಥಾನ್‌ಗೆ 7. ಕುರುಗೋಡು ನಮಗೆ ನಾಲ್ಕು, ಅದಕ್ಕೆ 8. ಸಿರುಗುಪ್ಪ ನಮಗೆ ನಾಲ್ಕು, ಅದಕ್ಕೆ 9.

ಎಣಿಕೆ ತಪ್ಪಿದರೆ ಆಟವೇ ಕೆಡುತ್ತದೆ. ಆರು ಚೂರುಗಳನ್ನು ಕಲಸಿದರೆ, ರ ಎರಡು ಸಲ ಮತ್ತು ದೀರ್ಘ ಎರಡು ಸಲ ಇರುವುದರಿಂದ, 6! ÷ (2! × 2!) = 180 ಜೋಡಣೆ ಬರುತ್ತವೆ. ಅದರಲ್ಲಿ ಬಹಳಷ್ಟು ಓದಲಿಕ್ಕೇ ಆಗದ ಕಸ. ನಿಜವಾದ ಅಕ್ಷರ ಮೂರು, ಅದರಲ್ಲಿ 'ರಾ' ಎರಡು ಸಲ. 3! ÷ 2! = 3. ಅಷ್ಟೇ: ರಾರಾವಿ, ರಾವಿರಾ, ವಿರಾರಾ. ಪಿಯುಸಿಯಲ್ಲಿ ಪರ್ಮ್ಯುಟೇಷನ್ ಲೆಕ್ಕ ಎಷ್ಟೋ ಮಾಡಿದ್ದೆ, ಅದು ಅಜ್ಜಿಯ ಊರಿಗೆ ಅನ್ವಯ ಆಗುತ್ತೆ ಅಂತ ಗೊತ್ತಿರಲಿಲ್ಲ. ನಡುವಿನ ಜೋಡಣೆ ಇನ್ನೊಮ್ಮೆ ಓದಿ, ರಾವಿರಾ. ತಿರುಗಿಸಿದರೂ ರಾವಿರಾ! ಕೊನೆಯ ಎರಡು ಅಕ್ಷರ ಜಾಗ ಬದಲಿಸಿದರೆ ಊರೇ ವಿಕಟಕವಿ ಆಗುತ್ತದೆ.

ಪ್ರೋಗ್ರಾಂ ಸರಿ ಮಾಡುವುದು ಕಷ್ಟ ಇಲ್ಲ. ಎಡದಿಂದ ಬಲಕ್ಕೆ ಒಂದೊಂದೇ ಸಂಕೇತ ಓದುತ್ತಾ ಹೋಗಬೇಕು. ಸ್ವರ ಅಥವಾ ವ್ಯಂಜನ ಬಂದರೆ ಹೊಸ ಅಕ್ಷರ ಶುರು. ಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ, ವಿರಾಮ ಬಂದರೆ ಹಿಂದಿನ ಅಕ್ಷರಕ್ಕೇ ಸೇರಿಸು. ಒಂದೇ ವಿನಾಯಿತಿ: ವಿರಾಮದ ತಕ್ಷಣ ವ್ಯಂಜನ ಬಂದರೆ ಹೊಸದು ಶುರು ಮಾಡಬೇಡ, ಅದು ಒತ್ತು, ಹಿಂದಿನದಕ್ಕೇ ಅಂಟಿಸು. ಈ ನಿಯಮಕ್ಕೆ ಬಳ್ಳಾರಿ ಕೊಟ್ಟರೆ ಬ, ಳ್ಳಾ, ರಿ ಅಂತ ಸರಿಯಾಗಿ ಬರುತ್ತದೆ. ಸೂರ್ಯ ಕೊಟ್ಟರೆ ಸೂ, ರ್ಯ. ಅರ್ಕಾವತ್ತು ಬರಹದಲ್ಲಿ ಹಿಂದೆ ಕಂಡರೂ ಸಂಕೇತಗಳ ಸಾಲಿನಲ್ಲಿ ರ ಮುಂದೆಯೇ ಇರುತ್ತದೆ, ಹಾಗಾಗಿ ತೊಂದರೆ ಇಲ್ಲ. ರಾಜ್‌ಕುಮಾರ್ ಥರದ ಪದಗಳಲ್ಲಿ ಮಾತ್ರ ವಿರಾಮದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಸಿಕ್ಕರೆ ಅಂಟಿಸಬಾರದು.

ಹೊಳೆಯ ಆಚೆ, ಈಚೆ

ಇದನ್ನು ನಾನೇ ಬರೆಯಬೇಕಾ, ರೆಡಿ ಇರಲ್ವಾ ಅಂತ ನೀವು ಕೇಳಬಹುದು. ಇದೆ. ಓದುಗನ ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ಗುಂಪಿಗೆ ಯೂನಿಕೋಡ್ 'ಗ್ರಾಫೀಮ್ ಕ್ಲಸ್ಟರ್' ಅನ್ನುತ್ತದೆ. ಅದು ಗುಣಿತವನ್ನು ವ್ಯಂಜನದ ಜೊತೆಗೇ ಇಡುತ್ತದೆ, ರಾರಾವಿಗೆ ಸರಿಯಾಗಿ 3 ಅನ್ನುತ್ತದೆ. ಆದರೆ ಒತ್ತು ಬಂದಾಗ ವಿರಾಮದ ಹತ್ತಿರ ಕತ್ತರಿಸುತ್ತಿತ್ತು. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದ ಹೊಸ ನಿಯಮ ಸೇರಿಸಿದರು. ಆಗ ಅದರ ಪಟ್ಟಿಯಲ್ಲಿದ್ದ ವಿರಾಮ ಚಿಹ್ನೆಗಳು ಆರು ಲಿಪಿಗಳವು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇರಲಿಲ್ಲ.

ಅಂದರೆ ಆ ಆವೃತ್ತಿಯ ನಿಯಮದಲ್ಲಿ ಬಳ್ಳಾರಿ ಅಂತ ತೆಲುಗಿನಲ್ಲಿ ಬರೆದರೆ ಮೂರು ಅಕ್ಷರ, ಕನ್ನಡದಲ್ಲಿ ಬರೆದರೆ ಬ, ಳ್, ಳಾ, ರಿ ಅಂತ ನಾಲ್ಕು. ರಾರಾವಿಯಲ್ಲಿ ಇದು ಇನ್ನೂ ವಿಚಿತ್ರ ಅನ್ನಿಸುತ್ತದೆ. ಆಂಧ್ರದ ಗಡಿ ಪಕ್ಕದಲ್ಲೇ ಇದೆ, ಜನ ಎರಡೂ ಭಾಷೆ ಆಡ್ತಾರೆ. ಎರಡು ಲಿಪಿಯಲ್ಲೂ ಅಕ್ಷರ ಕಟ್ಟುವ ರೀತಿ ಒಂದೇ. ಆದರೂ ಒಂದೇ ಊರಿನ ಹೆಸರನ್ನು ಕಂಪ್ಯೂಟರ್ ಎರಡು ಥರ ಎಣಿಸಿತು. ನಮ್ಮ ಭಾಷೆಯ ಅಕ್ಷರ ಯಾವುದು ಅಂತ ನಾವೇ ಗಟ್ಟಿಯಾಗಿ ಹೇಳದಿದ್ದರೆ, ಇನ್ಯಾರೋ ಬರೆದ ಪಟ್ಟಿ ಅದನ್ನು ತೀರ್ಮಾನ ಮಾಡುತ್ತದೆ. ಆ ಪಟ್ಟಿ ಓದಬಲ್ಲವರು, ಅದರಲ್ಲಿ ಬಿಟ್ಟುಹೋದದ್ದನ್ನು ಎತ್ತಿ ತೋರಿಸಬಲ್ಲವರು ನಮ್ಮಂಥ ವಿದ್ಯಾರ್ಥಿಗಳೇ ಅಲ್ವಾ?

ತಲೆ, ಹೊಟ್ಟೆ, ಬಾಲ

ಕೋಡ್ ಸರಿಯಾದ ಮೇಲೆ ಇನ್ನೊಂದು ಸಮಸ್ಯೆ ಕಂಡಿತು. ಪದಗಳೇ ಸಿಗುತ್ತಿಲ್ಲ! ಕಾರಣ ಲೆಕ್ಕದಲ್ಲಿದೆ. ಇಂಗ್ಲಿಷಿಗೆ 26 ಅಕ್ಷರ ಮಾತ್ರ, ಹಾಗಾಗಿ ಅವೇ ಮತ್ತೆ ಮತ್ತೆ ಬಂದು ಬೇರೆ ಪದ ಕಟ್ಟುತ್ತವೆ. ಕನ್ನಡದ 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ, ಒತ್ತು ಬಿಟ್ಟೇ 442 ಅಕ್ಷರ. ಅದೇ ಅಕ್ಷರಗಳಿಂದ ಇನ್ನೊಂದು ಪದ ಆಗುವ ಅವಕಾಶ ಕಡಿಮೆ. ಎರಡು, ಮೂರು ಅಕ್ಷರದ ಪದಗಳಲ್ಲಿ ಆದೀತು, ಉದ್ದ ಪದಗಳಲ್ಲಿ ಕಷ್ಟ.

ನಮ್ಮ ಹಿರಿಯರ ಅಕ್ಷರದ ಒಗಟುಗಳು ಅದಲು ಬದಲಿಗಿಂತ ಹೆಚ್ಚಾಗಿ ಅಕ್ಷರ ತೆಗೆಯುವ ಆಟ ಆಗಿರೋದು ಇದಕ್ಕೇ ಇರಬೇಕು. ಅಜ್ಜಿ ಚಿಕ್ಕಂದಿನಲ್ಲಿ ನನಗೆ ಕೇಳುತ್ತಿದ್ದ ಒಗಟು ಹೀಗಿತ್ತು: "ಮೂರಕ್ಷರದ ಹೊಳಿ. ತಲಿ ತಗದ್ರ ಹಕ್ಕಿ ಮೈಮ್ಯಾಲೆ ಇರ್ತೈತಿ. ಹೊಟ್ಟಿ ತಗದ್ರ ದೇವ್ರು. ಯಾವ್ದು ಹೇಳು?" ಉತ್ತರ ಊರಿನ ಪಕ್ಕದಲ್ಲೇ ಹರಿಯುತ್ತಿತ್ತು. ಹಗರಿ. ತಲೆ ತೆಗೆದರೆ ಗರಿ, ಹೊಟ್ಟೆ ತೆಗೆದರೆ ಹರಿ. ಪುಸ್ತಕದಲ್ಲಿ ವೇದಾವತಿ ಅಂತ ಓದಿದ ನನಗೆ ಆಗ ಉತ್ತರ ಹೊಳೆದಿರಲಿಲ್ಲ.

ಅದೇ ನಿಯಮವನ್ನು ರಾರಾವಿಗೆ ಹಾಕಿ. ತಲೆ ತೆಗೆದರೂ ರಾವಿ, ಹೊಟ್ಟೆ ತೆಗೆದರೂ ರಾವಿ. ರಾವಿ ಪಂಜಾಬಿನ ನದಿ, ತೆಲುಗಿನಲ್ಲಿ ಅರಳಿ ಮರ. ಬಾಲ ತೆಗೆದರೆ ಉಳಿಯುವುದು 'ರಾರಾ', ತೆಲುಗಿನಲ್ಲಿ 'ಬಾರೋ ಬಾರೋ' ಅಂತ ಕರೆಯುವ ಮಾತು. ಊರಿಗೆ ಆ ಹೆಸರು ಹೀಗೇ ಬಂತು ಅಂತ ನಾನು ಹೇಳುತ್ತಿಲ್ಲ, ಇದು ಆಟ ಮಾತ್ರ. ಆದರೆ ಮೂರೇ ಅಕ್ಷರದಲ್ಲಿ ಒಂದು ನದಿ, ಒಂದು ಮರ, ಒಂದು ಕರೆ ಇದೆ. ಆರು ಅಂತ ಎಣಿಸಿದವನಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಈಗ ನಿಮ್ಮ ಸರದಿ. ರಾಜ್ಯೋತ್ಸವದ ಆಟಕ್ಕೆ ಮಾಡಿದ ಐದು ಒಗಟು ಇಲ್ಲಿವೆ.

1. ಎರಡಕ್ಷರ. ನೇರ ಓದಿದರೆ ಮರದಿಂದ ಮರಕ್ಕೆ ಹಾರುತ್ತದೆ, ತಿರುಗಿಸಿದರೆ ಮರದಲ್ಲಿ ಕೂತು ಹಾಡುತ್ತದೆ.

2. ಎರಡಕ್ಷರ. ನೇರ ಓದಿದರೆ ಹರಿದು ಹೋಗುತ್ತದೆ, ತಿರುಗಿಸಿದರೆ ಕಳೆದು ಹೋಗುತ್ತದೆ.

3. ಸಿರುಗುಪ್ಪ ತಾಲ್ಲೂಕಿನ ಮೂರಕ್ಷರದ ಊರು. ಹೊಟ್ಟೆ ತೆಗೆದರೆ ಕೊಟ್ಟಿಗೆಯಲ್ಲಿ ಜಿಗಿಯುತ್ತದೆ.

4. ಬಳ್ಳಾರಿ ಜಿಲ್ಲೆಯ ನಾಲ್ಕಕ್ಷರದ ಊರು. ಮೂರನೇ ಅಕ್ಷರ ತೆಗೆದರೆ ಕಣ್ಣು ಕಾಣುವುದಿಲ್ಲ.

5. ಬಳ್ಳಾರಿಯ ಹೊಟ್ಟೆ ತೆಗೆದರೆ ಯಾವ ಕೈ ಉಳಿಯುತ್ತದೆ?

ಉತ್ತರ ಇಲ್ಲಿ ಕೊಡುವುದಿಲ್ಲ. ಗೊತ್ತಾಗದಿದ್ದರೆ ಗೂಗಲ್ ಮಾಡಬೇಡಿ, ಮನೆಗೆ ಫೋನ್ ಮಾಡಿ. ನಾನು ಮಾಡಿದಾಗ ಅಜ್ಜಿ ಐದಕ್ಕೂ ಉತ್ತರ ಹೇಳಿ, ತಿರುಗಿ ನನಗೇ ಎರಡು ಒಗಟು ಹಾಕಿದರು. ಅವೆರಡೂ ನನಗಿನ್ನೂ ಬಿಡಿಸಲು ಆಗಿಲ್ಲ.