ಶಾಲೆ ಬಿಟ್ಟ ಮೇಲಿನ ಎರಡು ಗಂಟೆ



ಹುಡುಗರು ದಾರಿ ತಪ್ಪುವುದು ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚು ಮಂದಿ ‘ರಾತ್ರಿ’ ಎನ್ನುತ್ತಾರೆ. ಅಮೆರಿಕ ದೇಶದ ಪೊಲೀಸ್ ದಾಖಲೆಗಳು ಬೇರೆ ಮಾತು ಹೇಳುತ್ತವೆ. ಶಾಲೆ ನಡೆಯುವ ದಿನಗಳಲ್ಲಿ ಎಳೆಯರ ಹಿಂಸೆಯ ಅಪರಾಧಗಳು ಅಲ್ಲಿ ಅತಿ ಹೆಚ್ಚಾಗಿ ಕಂಡದ್ದು ಮಧ್ಯಾಹ್ನ 3 ರಿಂದ 4 ಗಂಟೆಯೊಳಗೆ; ಅಂದರೆ ಶಾಲೆ ಬಿಟ್ಟ ಕೂಡಲೇ. ಮಕ್ಕಳು ಹೊರಗೆ ಬಂದಿರುತ್ತಾರೆ, ತಂದೆತಾಯಿ ಕೆಲಸದಿಂದ ಬಂದಿರುವುದಿಲ್ಲ.

ನಮ್ಮ ಊರುಗಳ ಲೆಕ್ಕ ಹಾಕಿ ನೋಡಿ. ಪ್ರೌಢಶಾಲೆ ಬಿಡುವುದು ನಾಲ್ಕೂವರೆಯ ಸುಮಾರಿಗೆ. ಕೂಲಿಗೆ ಹೋದ ತಾಯಿ ಮನೆಗೆ ಬಂದು, ಹಾಲು ಕರೆದು, ಡೈರಿಗೆ ಹಾಕಿ ಬರುವಷ್ಟರಲ್ಲಿ ಏಳಾಗುತ್ತದೆ. ನಡುವಿನ ಹೊತ್ತು ಅರಳಿಕಟ್ಟೆಯಲ್ಲಿ, ಮೊಬೈಲಿನಲ್ಲಿ, ಇಸ್ಪೀಟಿನ ಗುಂಪಿನ ಬೆನ್ನ ಹಿಂದೆ ಕಳೆಯುತ್ತದೆ. ಅಲ್ಲಿ ನಿಂತವರೆಲ್ಲ ಕೆಡುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ಗುಜರಿಗೆ ಹಾಕುವುದನ್ನು ಯಾವ ಹುಡುಗನೂ ಪುಸ್ತಕ ಓದಿ ಕಲಿಯುವುದಿಲ್ಲ, ಸಹವಾಸದಲ್ಲಿ ಕಲಿಯುತ್ತಾನೆ. 16 ವರ್ಷ ತುಂಬಿದವನ ಮೇಲೆ ಘೋರ ಅಪರಾಧದ ಆಪಾದನೆ ಬಂದರೆ, 2015ರ ಬಾಲನ್ಯಾಯ ಕಾಯ್ದೆಯಂತೆ ಅವನನ್ನು ದೊಡ್ಡವರಂತೆಯೇ ವಿಚಾರಣೆಗೆ ಒಳಪಡಿಸಲೂಬಹುದು.

ಅಮೆರಿಕದ ಸರ್ಕಾರ ಈ ಹೊತ್ತಿಗೆಂದೇ ಹಣ ತೆಗೆದಿಟ್ಟಿತು. 1998ರಲ್ಲಿ 4 ಕೋಟಿ ಡಾಲರು; 2002ರ ವೇಳೆಗೆ ವರ್ಷಕ್ಕೆ ಸುಮಾರು 100 ಕೋಟಿ ಡಾಲರು. ಫಲ ಬಂತೇ ಎಂದರೆ, 2005ರಲ್ಲಿ ಮುಗಿದ ಪರಿಶೀಲನೆ ಸಂತೋಷ ಕೊಡುವಂಥದ್ದಲ್ಲ. ಕೇಂದ್ರಕ್ಕೆ ಸೇರಿದ ಸಣ್ಣ ತರಗತಿಯ ಮಕ್ಕಳಿಗೆ ಸಂಜೆಯ ಹೊತ್ತು ಭಯ ಕಡಿಮೆಯಾಗಿತ್ತು, ನಿಜ. ಆದರೆ ಓದಿನಲ್ಲಿ ಹೇಳಿಕೊಳ್ಳುವಂಥ ಏಳಿಗೆ ಇರಲಿಲ್ಲ. ಅಶಿಸ್ತಿಗಾಗಿ ಶಾಲೆಯಿಂದ ಕೆಲವು ದಿನ ಹೊರಗಿಟ್ಟ ಮಕ್ಕಳು ಅವರಲ್ಲಿಯೇ ಹೆಚ್ಚಾಗಿದ್ದರು. ಇಂಥ ಹಲವು ಕೇಂದ್ರಗಳ ಫಲಿತಾಂಶಗಳನ್ನು ಕೂಡಿಸಿ ನೋಡಿದ ಇನ್ನೊಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕ್ರಮವಾಗಿ ಹೇಳಿಕೊಟ್ಟು, ಮಕ್ಕಳ ಕೈಯಿಂದಲೇ ಮಾಡಿಸಿ, ಇಂಥದ್ದನ್ನು ಕಲಿಸುತ್ತೇವೆಂದು ಗುರಿ ಇಟ್ಟುಕೊಂಡ ಕಡೆ ನಡತೆ ಸುಧಾರಿಸಿತ್ತು. ಬಾಗಿಲು ತೆರೆದು ಸುಮ್ಮನೆ ಕೂಡಿಸಿದ ಕಡೆ ಇಲ್ಲ. ಗೊಬ್ಬರ ಹಾಕಿ ಬಿತ್ತದೆ ಬಿಟ್ಟ ಹೊಲದಲ್ಲಿ ಹುಲುಸಾಗಿ ಬರುವುದು ಕಳೆಯೇ ಎಂಬುದು ನಿಮಗೆ ತಿಳಿದ ಸಂಗತಿಯಷ್ಟೆ.

ಇನ್ನು ನಮ್ಮ ಹಣದ ಮಾತು. ಪಂಚಾಯತಿಗೆ ನೀವು ಕಟ್ಟುವ ಮನೆ ತೆರಿಗೆಯ ರಸೀದಿಯನ್ನು ತೆಗೆದು ನೋಡಿರಿ. ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಸೇರಿರುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, 6 ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆದುದರಿಂದ ಹೊಸ ಕಟ್ಟಡ ಬೇಕೆಂದು ಅರ್ಜಿ ಹಿಡಿದು ಓಡಾಡುವ ಮೊದಲು, ಇರುವ ಕೊಠಡಿ ಸಂಜೆ ಐದಕ್ಕೆ ತೆರೆದಿದೆಯೇ ನೋಡಿಕೊಂಡು ಬನ್ನಿ. ಶಾಲೆಯ ವೇಳೆಯಲ್ಲೇ ತೆರೆದು ಶಾಲೆ ಬಿಡುವಾಗ ಬೀಗ ಬೀಳುವ ಗ್ರಂಥಾಲಯದಿಂದ ಮಕ್ಕಳಿಗೆ ಏನು ಪ್ರಯೋಜನ?

ಚಿಕ್ಕ ಮಕ್ಕಳು ಕರೆದರೆ ಬರುತ್ತಾರೆ. ಎಂಟು, ಒಂಬತ್ತನೆಯ ತರಗತಿಯ ಹುಡುಗರು ಬರುವುದಿಲ್ಲ, ಬರಬೇಕಾದವರು ಅವರೇ. ಪುಸ್ತಕವೊಂದನ್ನೇ ತೋರಿಸಿದರೆ ಅವರು ತಿರುಗಿಯೂ ನೋಡರು. ವಾರದಲ್ಲಿ ಮೂರು ದಿನ ಕಬಡ್ಡಿ, ಖೋ ಖೋ, ಒಂದು ದಿನ ಮೋಟಾರು ರಿಪೇರಿ ಬಲ್ಲವರಿಂದ ಪಾಠ, ಒಂದು ದಿನ ಲೆಕ್ಕದ ಮನೆಪಾಠ ಎಂದು ಗೊತ್ತು ಮಾಡಿ, ಪ್ರತಿದಿನ ಹೊಣೆ ಹೊರುವ ಒಬ್ಬರನ್ನು ನೇಮಿಸಿರಿ. ಹೆಣ್ಣುಮಕ್ಕಳು ಕತ್ತಲಾಗುವ ಮುಂಚೆ ಮನೆ ಸೇರುವಂತೆ ವೇಳೆ ಇರಲಿ.

ಬರುವ ಗ್ರಾಮಸಭೆಯಲ್ಲಿ ಅಧ್ಯಕ್ಷರನ್ನೂ ಅಭಿವೃದ್ಧಿ ಅಧಿಕಾರಿಗಳನ್ನೂ ಎರಡು ಪ್ರಶ್ನೆ ಕೇಳಿರಿ: ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದು ಯಾವುದಕ್ಕೆ ಖರ್ಚಾಯಿತು? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿರಿ.