ದ್ರೌಪದಿಯ ಮುಡಿ: ವ್ಯಾಸಭಾರತದ ನೆನಪು, ಕನ್ನಡ ಭಾರತಗಳ ಪ್ರತಿಜ್ಞೆ

ದುಶ್ಶಾಸನನ ರಕ್ತದಲ್ಲಿ ತೋಯುವವರೆಗೆ ದ್ರೌಪದಿ ತನ್ನ ಮುಡಿಯನ್ನು ಕಟ್ಟಲಿಲ್ಲ ಎಂಬುದು ಮಹಾಭಾರತದ ಕಥೆ ಬಲ್ಲ ಎಲ್ಲರೂ ಹೇಳುವ ಮಾತು. ತರಗತಿಗಳಲ್ಲಿಯೂ ಈ ಪ್ರಸಂಗವನ್ನು ವ್ಯಾಸರದೆಂದೇ ವಿವರಿಸುವುದು ರೂಢಿಯಾಗಿದೆ. ಆದರೆ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಸಿದ್ಧಪಡಿಸಿ 1966ರಲ್ಲಿ ಪೂರ್ಣಗೊಳಿಸಿದ ಪರಿಷ್ಕೃತ ಪಠ್ಯದಲ್ಲಿ ದ್ರೌಪದಿ ಇಂತಹ ಪ್ರತಿಜ್ಞೆಯನ್ನು ಮಾಡುವುದಿಲ್ಲ. ಭೀಮ ಅವಳ ಮುಡಿ ಕಟ್ಟುವ ಪ್ರಸಂಗವೂ ಅಲ್ಲಿಲ್ಲ. ಹಾಗಿದ್ದರೆ ವ್ಯಾಸಭಾರತದಲ್ಲಿ ಮುಡಿಯ ಸ್ಥಾನವೇನು? ಪ್ರತಿಜ್ಞೆಯ ಆಶಯ ಸೇರಿಕೊಂಡಾಗ ಕಾವ್ಯದ ಅರ್ಥದಲ್ಲಿ ಆಗುವ ಪಲ್ಲಟವೇನು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಮುಡಿಯ ಹಿಂದಿರುವ ನಂಬಿಕೆಗಳನ್ನು ಗಮನಿಸಬೇಕು. ಪ್ರಾಚೀನ ಭಾರತೀಯ ಕಲ್ಪನೆಯಲ್ಲಿ ಕಟ್ಟಿದ ಮುಡಿ ಸೌಮಂಗಲ್ಯದ ಗುರುತು. ರಜಸ್ವಲೆಯಾದವಳು, ಶೋಕದಲ್ಲಿರುವವಳು ಮುಡಿ ಬಿಚ್ಚಿರುತ್ತಾಳೆ; ವಿರಹಿಣಿ ಒಂದೇ ಜಡೆಯಲ್ಲಿರುತ್ತಾಳೆ. ದ್ರೌಪದಿಯ ವಿಷಯದಲ್ಲಿ ಇದಕ್ಕೆ ಇನ್ನೂ ಒಂದು ಪದರವಿದೆ. ಅವಳು ಯಜ್ಞವೇದಿಯಿಂದ ಹುಟ್ಟಿದವಳು. ಕ್ಷತ್ರಿಯರ ನಾಶಕ್ಕೆ ಕಾರಣಳಾಗುವಳೆಂದು ಜನ್ಮಕಾಲದಲ್ಲಿಯೇ ಅಶರೀರವಾಣಿ ನುಡಿದಿದೆ. ಆದಿಪರ್ವದ ಪಂಚೇಂದ್ರೋಪಾಖ್ಯಾನವು ಅವಳನ್ನು ಶ್ರೀಯ ಅವತಾರವೆಂದು ಹೇಳುತ್ತದೆ. ಆದ್ದರಿಂದ ಸಭೆಯಲ್ಲಿ ಎಳೆಯಲ್ಪಟ್ಟದ್ದು ಒಬ್ಬ ರಾಣಿಯ ಕೂದಲು ಮಾತ್ರವಲ್ಲ, ರಾಜ್ಯಶ್ರೀಯ ಕೇಶವೂ ಹೌದು. ಆ ಕೂದಲು ರಾಜಸೂಯದ ಅವಭೃಥದಲ್ಲಿ ಮಂತ್ರಜಲದಿಂದ ನೆನೆದದ್ದು ಎಂಬುದನ್ನು ಸಭಾಪರ್ವ ಅದೇ ಸಂದರ್ಭದಲ್ಲಿ ನೆನಪಿಸುತ್ತದೆ. ಕುಮಾರವ್ಯಾಸನೂ ಈ ಸೂಕ್ಷ್ಮವನ್ನು ಬಿಟ್ಟಿಲ್ಲ. ಕುವೆಂಪು ಅವರ 'ದ್ರೌಪದಿಯ ಶ್ರೀಮುಡಿ'ಯ ಮೂಲಕ ಕನ್ನಡ ವಿಮರ್ಶೆಯಲ್ಲಿ ನೆಲೆನಿಂತ 'ಶ್ರೀಮುಡಿ' ಎಂಬ ಮಾತಿನ ಔಚಿತ್ಯವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬಹುದು.

ವ್ಯಾಸಭಾರತದ ಸಭಾಪರ್ವದಲ್ಲಿ ಪ್ರತಿಜ್ಞೆ ಮಾಡುವವನು ಭೀಮ. ದುಶ್ಶಾಸನನ ಎದೆಯ ರಕ್ತ ಕುಡಿಯುವುದು, ದುರ್ಯೋಧನನ ತೊಡೆ ಮುರಿಯುವುದು ಅವನ ಎರಡು ಶಪಥಗಳು. ಇವೆರಡರಲ್ಲಿಯೂ ಮುಡಿಯ ಪ್ರಸ್ತಾಪವಿಲ್ಲ. ದ್ರೌಪದಿಯ ಮಾತು ಬರುವುದು ವನವಾಸಕ್ಕೆ ಹೊರಡುವಾಗ. ಕೆದರಿದ ಕೂದಲಿನಿಂದ ಮುಖ ಮುಚ್ಚಿಕೊಂಡು, ರಕ್ತದ ಕಲೆಯಿರುವ ಏಕವಸ್ತ್ರದಲ್ಲಿ ಅವಳು ನಡೆದುಹೋಗುತ್ತಾಳೆ. ತನ್ನನ್ನು ಈ ಸ್ಥಿತಿಗೆ ತಂದವರ ಹೆಂಡಿರು ಹದಿನಾಲ್ಕನೆಯ ವರ್ಷದಲ್ಲಿ ಪತಿಪುತ್ರರನ್ನು ಕಳೆದುಕೊಂಡು, ಮುಡಿ ಬಿಚ್ಚಿ ಹಸ್ತಿನಾವತಿಯನ್ನು ಪ್ರವೇಶಿಸುವರೆಂಬ ಅವಳ ಮಾತನ್ನು ವಿದುರನು ಧೃತರಾಷ್ಟ್ರನಿಗೆ ಅರ್ಥವಿವರಣೆಯೊಂದಿಗೆ ತಿಳಿಸುತ್ತಾನೆ.

ಎರಡನೆಯ ಮುಖ್ಯ ಸಂದರ್ಭ ಉದ್ಯೋಗಪರ್ವದ್ದು. ಸಂಧಿಗೆ ಹೊರಟ ಕೃಷ್ಣನೆದುರು ದ್ರೌಪದಿ ತನ್ನ ಕೇಶರಾಶಿಯನ್ನು ಎಡಗೈಯಲ್ಲಿ ಹಿಡಿದು ನಿಲ್ಲುತ್ತಾಳೆ. ಕಪ್ಪಾದ, ಸುಗಂಧಯುಕ್ತವಾದ, ಮಹಾಸರ್ಪದಂತಹ ಕೂದಲು ಎಂದು ಕವಿ ವರ್ಣಿಸುತ್ತಾನೆ. ಶತ್ರುಗಳೊಡನೆ ಸಂಧಿಯನ್ನು ಬಯಸುವಾಗ ದುಶ್ಶಾಸನನ ಕೈ ಎಳೆದ ಈ ಕೂದಲು ನೆನಪಿರಲಿ ಎಂಬುದಷ್ಟೇ ಅವಳ ಬೇಡಿಕೆ. ಭೀಮಾರ್ಜುನರು ಹಿಂಜರಿದರೆ ವೃದ್ಧನಾದ ತಂದೆಯೂ ತನ್ನ ಐವರು ಮಕ್ಕಳೂ ಅಭಿಮನ್ಯುವನ್ನು ಮುಂದಿಟ್ಟುಕೊಂಡು ಯುದ್ಧ ಮಾಡುವರೆಂದೂ ಹೇಳುತ್ತಾಳೆ. ಇಲ್ಲಿ ಮುಡಿ ಪ್ರತಿಜ್ಞೆಯಲ್ಲ, ಸಾಕ್ಷ್ಯ. ಅದರ ಒಡೆತನ ಅವಳದೇ. ಅದನ್ನು ಎತ್ತಿ ಹಿಡಿಯುವ ಕೈಯೂ ಅವಳದೇ.

ಮುಡಿ ಪ್ರತಿಜ್ಞೆಯಾಗುವುದನ್ನು ಸ್ಪಷ್ಟವಾಗಿ ಕಾಣುವುದು ಭಟ್ಟನಾರಾಯಣನ 'ವೇಣೀಸಂಹಾರ' ನಾಟಕದಲ್ಲಿ. ಸುಯೋಧನನ ತೊಡೆಯ ರಕ್ತ ಮೆತ್ತಿದ ಕೈಗಳಿಂದ ಮುಡಿ ಕಟ್ಟುವೆನೆಂದು ಭೀಮ ಮೊದಲ ಅಂಕದಲ್ಲಿ ನುಡಿಯುತ್ತಾನೆ. ಆರನೆಯ ಅಂಕದಲ್ಲಿ ಹಾಗೆಯೇ ನಡೆಯುತ್ತದೆ. ಕನ್ನಡದಲ್ಲಿ ಪಂಪನ 'ವಿಕ್ರಮಾರ್ಜುನ ವಿಜಯ' ಈ ಆಶಯವನ್ನು ಮತ್ತಷ್ಟು ಉಗ್ರಗೊಳಿಸುತ್ತದೆ. ಮುಡಿ ಹಿಡಿದೆಳೆದವನನ್ನು ಕೊಂದು ಅವನ ಕರುಳಿನಿಂದಲೇ ತನಗೆ ಮುಡಿಯಿಸಬೇಕೆಂದು ಪಂಪನ ದ್ರೌಪದಿ ಸ್ವತಃ ಕೇಳುತ್ತಾಳೆ. ಯುದ್ಧಭೂಮಿಯಲ್ಲಿ ಅದನ್ನು ನೆರವೇರಿಸುವ ಭೀಮನ ಬಾಯಿಂದ, ಭಾರತವೇ ಈ ಕೇಶಪಾಶದಿಂದ ಹುಟ್ಟಿತೆಂಬ ಪ್ರಸಿದ್ಧ ಪದ್ಯವನ್ನು ಕವಿ ಹೇಳಿಸುತ್ತಾನೆ.

ಇಲ್ಲೊಂದು ತೊಡಕಿದೆ. ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಪಂಪ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ್ದಾನೆ. ಆದರೂ ಮುಡಿ ಕಟ್ಟುವವನು ಭೀಮನೇ. ಪತಿಯ ಹಕ್ಕು ಬದಲಾದರೂ ಮುಡಿಯ ಹೊಣೆ ಭೀಮನನ್ನು ಬಿಟ್ಟು ಕದಲಲಿಲ್ಲ ಎಂಬುದು, ಪಂಪನ ಕಾಲಕ್ಕಾಗಲೇ ಈ ಆಶಯ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಸೂಚಿಸುತ್ತದೆ. ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿದ ರನ್ನನಿಗೆ ಈ ತೊಡಕೇ ಇಲ್ಲ. ಅವನ 'ಗದಾಯುದ್ಧ'ದಲ್ಲಿ ಮುಡಿ ಕಟ್ಟುವುದು ದುರ್ಯೋಧನನ ಪತನದ ಅನಂತರದ ವಿಜಯೋತ್ಸವದ ಅಂಗವಾಗುತ್ತದೆ.

ಈ ಆಶಯ ಮಾರ್ಗಕಾವ್ಯಗಳಿಗೆ ಸೀಮಿತವಲ್ಲ. ತಮಿಳುನಾಡಿನ ದ್ರೌಪದಿ ಆರಾಧನೆಯನ್ನು ಅಧ್ಯಯನ ಮಾಡಿದ ಆಲ್ಫ್ ಹಿಲ್ಟೆಬೀಟಲ್ ಅವರು 1981ರಲ್ಲಿ ದ್ರೌಪದಿಯ ಕೇಶವನ್ನು ಕುರಿತೇ ಪ್ರಬಂಧವೊಂದನ್ನು ಪ್ರಕಟಿಸಿದರು. ಅಲ್ಲಿನ ಉತ್ಸವಗಳಲ್ಲಿ ದುರ್ಯೋಧನವಧೆ ಹಾಗೂ ಮುಡಿ ಕಟ್ಟುವಿಕೆ ಆಚರಣೆಯ ಭಾಗಗಳೇ ಆಗಿವೆ. ಬೆಂಗಳೂರಿನ ಧರ್ಮರಾಯನ ಗುಡಿಯ ಕರಗದಲ್ಲಿಯೂ ದ್ರೌಪದಿ ಕಾವ್ಯದ ಪಾತ್ರವಲ್ಲ, ಶಕ್ತಿದೇವತೆ. ದೇವಿಯ ಕೋಪ ಶಮನವಾಗಬೇಕೆಂಬ ನಂಬಿಕೆಯ ಜಗತ್ತಿನಲ್ಲಿ, ಬಿಚ್ಚಿದ ಮುಡಿ ಮತ್ತೆ ಕಟ್ಟಲ್ಪಡುವುದು ಅನಿವಾರ್ಯ.

ವ್ಯಾಸಭಾರತದಲ್ಲಿ ಈ ಶಮನ ಏಕಿಲ್ಲ? ಉತ್ತರ ಸ್ತ್ರೀಪರ್ವದಲ್ಲಿದೆ. ಯುದ್ಧ ಮುಗಿದಾಗ ಕುರುಸ್ತ್ರೀಯರು ಆಭರಣ ಕಳಚಿ, ಮುಡಿ ಬಿಚ್ಚಿ, ಏಕವಸ್ತ್ರದಲ್ಲಿ ಅನಾಥರಂತೆ ಹೊರಬರುತ್ತಾರೆ. ಸಭಾಪರ್ವದ ದ್ರೌಪದಿಯ ಚಿತ್ರವೇ ಇಲ್ಲಿ ಸಾವಿರಪಟ್ಟಾಗಿ ಮರುಕಳಿಸಿದೆ. ಅವಳ ಮಾತು ನಿಜವಾಗಿದೆ. ಆದರೆ ಅದೇ ಹೊತ್ತಿಗೆ, ತನಗಾಗಿ ಯುದ್ಧ ಮಾಡುವರೆಂದು ಅವಳು ನೆಚ್ಚಿದ್ದ ಐವರು ಮಕ್ಕಳೂ ಅಭಿಮನ್ಯುವೂ ಸತ್ತಿದ್ದಾರೆ. ನೆಲದಲ್ಲಿ ಬಿದ್ದು ಅಳುವ ಅವಳನ್ನು ಕುಂತಿ ಎಬ್ಬಿಸುತ್ತಾಳೆ. ನಿನ್ನಂತೆಯೇ ನಾನೂ ಎಂದು ಗಾಂಧಾರಿ ಸಂತೈಸುತ್ತಾಳೆ. ಗೆದ್ದವಳ ಮತ್ತು ಸೋತವಳ ನಡುವಿನ ವ್ಯತ್ಯಾಸವೇ ಅಳಿದ ಈ ಗಳಿಗೆಯಲ್ಲಿ ಯಾರು ಯಾರ ಮುಡಿಯನ್ನು ಕಟ್ಟಬೇಕು?

ಹೀಗೆ ನೋಡಿದಾಗ ಮುಡಿಯ ಪ್ರತಿಜ್ಞೆಯನ್ನು ಕೇವಲ ಪ್ರಕ್ಷೇಪವೆಂದು ತಳ್ಳಿಹಾಕುವುದಾಗಲಿ, ಮೂಲದ್ದೆಂದು ಒಪ್ಪಿಬಿಡುವುದಾಗಲಿ ಸರಿಯಾಗಲಾರದು. ಪಂಪ-ರನ್ನರ ವೀರಕಾವ್ಯಗಳಿಗೆ ಅವಮಾನವು ವಿಜಯದಲ್ಲಿ ಮುಗಿಯುವುದು ಅಗತ್ಯವಾಗಿತ್ತು. ಜನಪದಕ್ಕೆ ದೇವಿಯ ಶಾಂತಿ ಬೇಕಾಗಿತ್ತು. ವ್ಯಾಸಭಾರತಕ್ಕೆ ಬೇಕಾದದ್ದು ಅವಮಾನದ ನೆನಪೂ ಅದಕ್ಕೆ ತೆತ್ತ ಬೆಲೆಯೂ. ಪಂಪಭಾರತವನ್ನು ಪಾಠ ಹೇಳುವಾಗ ಈ ಮೂರು ನೆಲೆಗಳನ್ನು ಬೇರೆಬೇರೆಯಾಗಿ ತೋರಿಸಿದರೆ, ಪಂಪನ ಪ್ರತಿಭೆಯೂ ವ್ಯಾಸರ ಮೌನವೂ ವಿದ್ಯಾರ್ಥಿಗಳಿಗೆ ಏಕಕಾಲದಲ್ಲಿ ಮನವರಿಕೆಯಾಗಬಲ್ಲವು.