ಚಿತ್ರಕರ್ಮದ ದಿನಕ್ರಮವೂ ‘ವರ್ತಿಕಾ’ ಶಬ್ದದ ಅರ್ಥವೂ

ಕಾಳಿದಾಸನ ‘ಅಭಿಜ್ಞಾನಶಾಕುಂತಲ’ದ ಆರನೆಯ ಅಂಕದಲ್ಲಿ ದುಷ್ಯಂತನು ತಾನೇ ಬರೆದ ಶಕುಂತಲೆಯ ಚಿತ್ರವನ್ನು ಮುಂದಿಟ್ಟುಕೊಂಡು ಪರಿತಪಿಸುವ ಸನ್ನಿವೇಶವು ವಿದ್ವಜ್ಜನರಿಗೆಲ್ಲ ವಿದಿತವಾದುದೇ. ಚಿತ್ರವು ಇನ್ನೂ ಅರ್ಧ ಮಾತ್ರ ಆಗಿದೆಯೆಂದು ಹೇಳಿ ಅರಸನು ಚತುರಿಕೆಯನ್ನು ‘ವರ್ತಿಕಾ’ ತರಲು ಕಳುಹಿಸುತ್ತಾನೆ. ಅನಂತರ, ಚಿತ್ರದಲ್ಲಿ ಇನ್ನೇನು ಬರೆಯಬೇಕಾಗಿದೆಯೆಂದು ವಿದೂಷಕನು ಕೇಳಲು, ಮಾಲಿನೀ ನದಿಯನ್ನೂ ಅದರ ಮರಳದಿಣ್ಣೆಯ ಮೇಲೆ ಕುಳಿತ ಹಂಸಮಿಥುನಗಳನ್ನೂ, ಹಿಮಾಲಯದ ತಪ್ಪಲನ್ನೂ, ವಲ್ಕಲಗಳನ್ನು ತೂಗಹಾಕಿದ ಮರವನ್ನೂ, ಅದರ ಕೆಳಗೆ ಕೃಷ್ಣಮೃಗದ ಕೊಂಬಿಗೆ ಕಣ್ಣನ್ನು ತೀಡಿಕೊಳ್ಳುವ ಹೆಣ್ಣುಜಿಂಕೆಯನ್ನೂ ಹೇಳುತ್ತಾನೆ. ಮುಖವು ಮುಗಿದಿದೆ; ವನವೂ ಪಕ್ಷಿಗಳೂ ಉಳಿದಿವೆ.

ಈ ಭಾಗವನ್ನು ಪಾಠ ಹೇಳುವಾಗ ನಾನು ಬಹುವರ್ಷಗಳವರೆಗೆ ‘ವರ್ತಿಕಾ’ ಎಂಬುದಕ್ಕೆ ಬಣ್ಣ ಬಳಿಯುವ ಕುಂಚವೆಂದೇ ಅರ್ಥ ಹೇಳುತ್ತ ಬಂದೆನು. ಒಮ್ಮೆ ಧಾರವಾಡದ ವಿದ್ಯಾರ್ಥಿಯೊಬ್ಬನು, “ಗುರುಗಳೇ, ಶಕುಂತಲೆಗೂ ಸಖಿಯರಿಗೂ ಬಣ್ಣ ತುಂಬಿದ ಅರಸನ ಬಳಿಯಲ್ಲಿ ಕುಂಚವೇ ಇರಲಿಲ್ಲವೆ? ಈಗ ಅದನ್ನೇಕೆ ತರಿಸುತ್ತಾನೆ?” ಎಂದು ಕೇಳಿದನು. ಆಗ ಏನೋ ಒಂದು ಸಮಾಧಾನವನ್ನು ಹೇಳಿದೆನಾದರೂ ನನಗೇ ಅದು ಸಮಾಧಾನವಾಗಲಿಲ್ಲ. ಆ ಶಂಕೆಯ ಪರಿಹಾರಾರ್ಥವಾಗಿ ಮಾಡಿದ ವಿಚಾರವೇ ಈ ಲೇಖನದ ವಿಷಯವು.

ಚಿತ್ರಕರ್ಮದ ಪರಿಭಾಷೆಯನ್ನು ತಿಳಿಯಲು ಕನ್ನಡನಾಡಿನವರಾದ ನಾವು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯೂ ಆರನೆಯ ವಿಕ್ರಮಾದಿತ್ಯನ ಪುತ್ರನೂ ಆದ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು, ಎಂದರೆ ‘ಅಭಿಲಷಿತಾರ್ಥಚಿಂತಾಮಣಿ’ಯು, ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಗ್ರಂಥವು. ಅದರ ಮೂರನೆಯ ವಿಂಶತಿಯ ಮೊದಲಲ್ಲಿ, ಅರಸನ ಮನೆಯ ವರ್ಣನೆಯ ಪ್ರಸಂಗದಿಂದ, ಚಿತ್ರವಿಧಿಯು ಬಂದಿದೆ. ಮೈಸೂರಿನಲ್ಲಿ 1926ರಲ್ಲಿ ಇದರ ಒಂದು ಭಾಗವೂ, ಬಡೋದೆಯಲ್ಲಿ 1925ರಿಂದ 1961ರ ವರೆಗೆ ಮೂರು ಸಂಪುಟಗಳೂ ಅಚ್ಚಾಗಿವೆ. ಕೆಳದಿಯ ಬಸವಭೂಪಾಲನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೂ ಚಿತ್ರವಿಷಯವು ಉಂಟು. ಹೀಗೆ ಈ ಶಾಸ್ತ್ರವು ನಮ್ಮ ನಾಡಿನ ಅರಸರ ಕೈಯಲ್ಲಿಯೇ ಬೆಳೆದುದು.

ಆದರೆ ಗ್ರಂಥವನ್ನು ಓದುವುದರಿಂದ ಮಾತ್ರ ಕೆಲಸದ ಕ್ರಮವು ಮನಸ್ಸಿಗೆ ನಿಲ್ಲದು. ಸೋಮೇಶ್ವರನು ಒಂದೊಂದು ಲೇಪಕ್ಕೂ ಮುಂದಿನ ಲೇಪಕ್ಕೂ ನಡುವೆ ಒಣಗುವಿಕೆಯನ್ನು ಹೇಳುತ್ತಾನೆಯೇ ಹೊರತು ದಿನಗಳನ್ನು ಎಣಿಸಿ ಹೇಳುವುದಿಲ್ಲ. ದಿನಗಳೆಲ್ಲ ಆ ಒಣಗುವಿಕೆಯೊಳಗೆ ಅಡಗಿವೆ. ಅದನ್ನು ಕಣ್ಣಾರೆ ಕಾಣಬೇಕೆಂದು ಧಾರವಾಡದ ಚಿತ್ರಕಾರರೊಬ್ಬರನ್ನು ಬೇಡಿಕೊಂಡೆನು. ಅವರು ತಮ್ಮ ಹಿತ್ತಿಲಿನ ಒಂದು ಗಾರೆಯ ಗೋಡೆಯಲ್ಲಿ ಮೂರು ಮೊಳ ಅಗಲದ ಸ್ಥಳವನ್ನು ಇದಕ್ಕಾಗಿ ಬಿಟ್ಟುಕೊಟ್ಟರು. ದುಷ್ಯಂತನ ಚಿತ್ರದಲ್ಲಿ ಉಳಿದದ್ದು ವನವೂ ಪಕ್ಷಿಗಳೂ ಆದುದರಿಂದ ನಾವೂ ಅದನ್ನೇ ಆರಿಸಿದೆವು: ಹಿತ್ತಿಲಿನ ಮಾವಿನ ಮರ, ಅದರಲ್ಲಿ ಎರಡು ಗಿಳಿಗಳು, ಕೆಳಗೆ ಒಂದು ಕೊಳ, ಕೊಳದ ಕಟ್ಟೆಯ ಮೇಲೆ ಪಾರಿವಾಳಗಳು. ಚೈತ್ರಮಾಸದ ಒಣಹವೆಯಲ್ಲಿ ಕೆಲಸವು ಹನ್ನೊಂದು ದಿನ ನಡೆಯಿತು.

ಮೊದಲ ನಾಲ್ಕು ದಿನಗಳಲ್ಲಿ ಚಿತ್ರದ ಸುಳಿವೇ ಇರಲಿಲ್ಲ. ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತಾಗುವ ವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಿದುದಕ್ಕೆ ವಜ್ರಲೇಪವೆಂದು ಹೆಸರು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಿಳಿಯ ಮಣ್ಣಿನೊಡನೆ ಕಲಸಿ ನುಣ್ಪಾದ ಗೋಡೆಗೆ ಮೂರು ಸಲ ಬಳಿಯಬೇಕು; ಆ ಮೇಲೆ ಶಂಖಚೂರ್ಣದ ಲೇಪವು; ಕಡೆಯಲ್ಲಿ ನೀಲಗಿರಿಯಲ್ಲಿ ದೊರೆಯುವುದೆಂದು ಹೇಳಿದ ಒಂದು ಬಿಳಿಯ ಧಾತುವಿನ ಲೇಪವು. ಚರ್ಮ ಬೇಯಿಸುವ ಕೆಲಸಕ್ಕೆ ನಾವು ಕೈಯಿಕ್ಕಲಿಲ್ಲ. ಬಡಗಿಗಳು ಬಳಸುವ ಸರೇಸೇ ವಜ್ರಲೇಪದ ಜಾತಿಯದಾದುದರಿಂದ ಅದನ್ನೇ ತಂದೆವು. ನೀಲಗಿರಿಯ ಧಾತುವಿನ ಬದಲಿಗೆ ಶಂಖಚೂರ್ಣವನ್ನೇ ಇನ್ನೊಮ್ಮೆ ಬಳಿದೆವು. ಒಂದು ಲೇಪವು ಪೂರ್ಣವಾಗಿ ಒಣಗದೆ ಮತ್ತೊಂದನ್ನು ಬಳಿದಲ್ಲಿ ಕೆಳಗಿನದು ಕುಂಚದೊಡನೆ ಎದ್ದುಬರುತ್ತಿತ್ತು. ಸೋಮೇಶ್ವರನು ಒಣಗುವಿಕೆಯನ್ನು ಮರಳಿ ಮರಳಿ ಹೇಳಿದುದರ ಕಾರಣವು ಎರಡನೆಯ ದಿನವೇ ಅರ್ಥವಾಯಿತು.

ಐದನೆಯ ದಿನ ವರ್ತಿಕೆಯ ಕೆಲಸವು. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿಯಾಕಾರವಾಗಿ ಹೊಸೆದುದೇ ವರ್ತಿಕೆಯೆಂದು ಮಾನಸೋಲ್ಲಾಸವು ಸ್ಪಷ್ಟವಾಗಿ ಹೇಳುತ್ತದೆ. ಎಂದರೆ ಅದು ಕುಂಚವಲ್ಲ; ಮಸಿಯ ಕಡ್ಡಿಯು. ಬಣ್ಣ ಬಳಿಯುವ ಸಾಧನಕ್ಕೆ ಅಲ್ಲಿ ಲೇಖನಿಯೆಂಬ ಬೇರೆ ಹೆಸರುಂಟು. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಮಾಡಿದ ಅದು ದಪ್ಪ, ನಡುವು, ಸಣ್ಣದು ಎಂದು ಮೂರು ಬಗೆಯಾಗಿದೆ. ಚಿತ್ರಕಾರನು ಆಕೃತಿಯನ್ನು ಮೊದಲು ಮನಸ್ಸಿನಲ್ಲಿ ನೆಲೆಗೊಳಿಸಿಕೊಂಡು, ಬಣ್ಣವಿಲ್ಲದ ಆಕಾರಮಾತ್ರವಾದ ರೇಖೆಯನ್ನು ವರ್ತಿಕೆಯಿಂದ ಬರೆಯತಕ್ಕದ್ದು. ನಮ್ಮ ಚಿತ್ರಕಾರರು ಆ ದಿನ ಗಿಳಿಗಳನ್ನು ಐದು ಸಲ ಬರೆದು ನಾಲ್ಕು ಸಲ ಬಟ್ಟೆಯಿಂದ ಒರಸಿದರು. ಒರಸಲು ಬರುವುದೇ ಈ ಮಸಿಕಡ್ಡಿಯ ಗುಣವು. ನಮ್ಮ ಪ್ರಾಂತದ ಕಸೂತಿಯಲ್ಲಿಯೂ ಗಿಳಿ, ನವಿಲು, ತುಳಸೀವೃಂದಾವನಗಳು ಮೂಡುತ್ತವೆಯಷ್ಟೆ. ಆದರೆ ಅಲ್ಲಿ ಬಟ್ಟೆಯ ಎಳೆಗಳನ್ನೆಣಿಸಿ ಹೊಲಿಯುವುದರಿಂದ ಮೊದಲು ಬರೆದು ಅಳಿಸುವ ರೇಖೆಯೆಂಬುದೇ ಇಲ್ಲ. ಚಿತ್ರದಲ್ಲಾದರೋ ಮೊದಲ ರೇಖೆಯು ಅಳಿಯುವುದಕ್ಕಾಗಿಯೇ ಹುಟ್ಟುತ್ತದೆ. ಆರನೆಯ ದಿನ ಅವರು ಆ ರೇಖೆಗಳ ಮೇಲೆ ಜಾಜಿನಿಂದ, ಎಂದರೆ ಗೈರಿಕದಿಂದ, ಕೆಂಪು ರೇಖೆಯನ್ನೆಳೆದು ಉಳಿದ ಮಸಿಯನ್ನು ಕೊಡವಿಬಿಟ್ಟರು.

ಏಳನೆಯ ಮತ್ತು ಎಂಟನೆಯ ದಿನ ಬಣ್ಣ ತುಂಬುವುದು ನಡೆಯಿತು. ಶಂಖದ ಬಿಳುಪು, ದರದ ಮೊದಲಾದವುಗಳ ಕೆಂಪು, ಹರಿತಾಳದ ಹಳದಿ, ಕಾಡಿಗೆಯ ಕಪ್ಪು ಇವು ಶುದ್ಧವರ್ಣಗಳು. ಮಿಶ್ರವರ್ಣಗಳನ್ನು ಸೋಮೇಶ್ವರನು ಹೆಸರಿಸುವ ಬಗೆಯು ಸಾಹಿತ್ಯದ ಅಧ್ಯಾಪಕರು ಗಮನಿಸತಕ್ಕದ್ದು. ದರದವನ್ನು ಶಂಖದೊಡನೆ ಕೂಡಿಸಿದರೆ ಕೋಕನದದ, ಎಂದರೆ ಕೆಂದಾವರೆಯ ಕಾಂತಿಯು; ನೀಲಿಯನ್ನು ಶಂಖದೊಡನೆ ಕೂಡಿಸಿದರೆ ಕಪೋತದ ಬಣ್ಣವು; ನೀಲಿಯೊಂದೇ ಆದರೆ ಇಂದೀವರದ, ಎಂದರೆ ಕನ್ನೈದಿಲೆಯ ಪ್ರಭೆಯು; ರಾಜಾವರ್ತವು ಅಗಸೆಯ ಹೂವಿನಂತಹುದು; ನೀಲಿಯು ಹರಿತಾಳದೊಡನೆ ಸೇರಿದರೆ ಹಸುರು. ಹೀಗೆ ಕೊಳದ ಹೂವೂ ಕಟ್ಟೆಯ ಪಾರಿವಾಳವೂ ಗೋಡೆಯ ಮೇಲೆ ಬರುವುದಕ್ಕೆ ಮೊದಲೇ ಬಣ್ಣದ ಬಟ್ಟಲುಗಳಲ್ಲಿ ಹೆಸರಾಗಿ ಕುಳಿತಿರುತ್ತವೆ. ಕಾವ್ಯದಲ್ಲಿ ಕಪೋತವರ್ಣವೆಂದು ಬಂದಾಗ ನಾವು ಅದನ್ನು ಕೇವಲ ಒಂದು ಉಪಮಾನವೆಂದು ತಿಳಿದು ಮುಂದೆ ಸಾಗುತ್ತೇವೆ. ಚಿತ್ರಕಾರನಿಗಾದರೋ ಅದು ಇಂತಿಂತಹ ಎರಡು ದ್ರವ್ಯಗಳಿಂದಾಗುವ ಗೊತ್ತಾದ ಬಣ್ಣವು. ಹರಿತಾಳದಲ್ಲಿ ಪಾಷಾಣವೂ ದರದದಲ್ಲಿ ಪಾದರಸವೂ ಇರುವುದರಿಂದ ಅವನ್ನು ನಾವು ಮುಟ್ಟದೆ ಪೇಟೆಯ ಹಳದಿ ಕೆಂಪುಗಳನ್ನೇ ಬಳಸಿದೆವು. ಆದುದರಿಂದ ನಮ್ಮ ಗಿಳಿಗಳ ಹಸುರು ಗ್ರಂಥೋಕ್ತವಾದ ಹಸುರೇ ಎಂದು ನಾನು ಹೇಳಲಾರೆನು. ಪಾರಿವಾಳಗಳ ಬಣ್ಣವು ಮಾತ್ರ ನೀಲಿ ಮತ್ತು ಶಂಖಗಳಿಂದಲೇ ಆಯಿತು. ಅದು ಒಣಗಿದ ಮೇಲೆ ಕಟ್ಟೆಯ ಮೇಲಿನ ನಿಜವಾದ ಪಾರಿವಾಳವನ್ನು ನೋಡಿ ಹೋಲಿಸಿದಾಗ ಆ ಹೆಸರು ಅನ್ವರ್ಥವೆಂದು ಎಲ್ಲರೂ ಒಪ್ಪಿದರು.

ಈ ವರೆಗೆ ಪಕ್ಷಿಗಳು ಕತ್ತರಿಸಿ ಅಂಟಿಸಿದ ಹಾಳೆಗಳಂತೆ ಚಪ್ಪಟೆಯಾಗಿದ್ದವು. ಒಂಬತ್ತನೆಯ ಮತ್ತು ಹತ್ತನೆಯ ದಿನ ಅವುಗಳಿಗೆ ಮೈ ಬಂದಿತು. ತಗ್ಗಿರುವ ಕಡೆ ಬಣ್ಣವನ್ನು ಗಾಢವಾಗಿಯೂ ಉಬ್ಬಿರುವ ಕಡೆ ತೆಳುವಾಗಿಯೂ ಇಡಬೇಕೆಂಬುದು ಸೋಮೇಶ್ವರನ ಮತವು. ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರದಲ್ಲಿ ಇದಕ್ಕೆ ವರ್ತನೆಯೆಂಬ ಹೆಸರುಂಟು. ಎಲೆಯ ನರಗಳಂತಹ ಗೆರೆಗಳಿಂದಾಗುವುದು, ಅತಿ ಸೂಕ್ಷ್ಮವಾದುದು, ಬಿಂದುಗಳಿಂದಾಗುವುದು ಎಂದು ಅದು ಮೂರು ಬಗೆ. ಮಾವಿನ ಎಲೆಗಳಲ್ಲಿ ಮೊದಲನೆಯದೂ ಪಾರಿವಾಳದ ಕೊರಳಿನಲ್ಲಿ ಮೂರನೆಯದೂ ಹೊಂದಿಕೊಂಡವು. ಹನ್ನೊಂದನೆಯ ದಿನ ಸಣ್ಣ ಲೇಖನಿಯಿಂದ ಕಡೆಯ ಕಪ್ಪು ರೇಖೆಯನ್ನೆಳೆದು, ಎಲ್ಲಕ್ಕೂ ಕೊನೆಯಲ್ಲಿ ಗಿಳಿಗಳ ಕಣ್ಣುಗಳನ್ನಿಟ್ಟರು. ಆ ಚಿಕ್ಕ ಬಿಂದು ಬಿದ್ದೊಡನೆಯೇ, ಹತ್ತು ದಿನಗಳಿಂದ ಬಣ್ಣವಾಗಿದ್ದದ್ದು ಪಕ್ಷಿಯಾಗಿ ನಮ್ಮನ್ನು ನೋಡಿತು. ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ ಮೆಚ್ಚುತ್ತಾರೆಂದು ಚಿತ್ರಸೂತ್ರಕಾರನು ಹೇಳಿದುದನ್ನು ನಾನು ಬಹುಕಾಲದಿಂದ ಬಲ್ಲೆನು. ಅದನ್ನು ಕಂಡದ್ದು ಅಂದೇ.

ಇನ್ನು ಪ್ರಕೃತಕ್ಕೆ ಬರುವೆನು. ವರ್ತಿಕೆಯು ಬಣ್ಣದ ಕುಂಚವಾಗಿರದೆ ಮೊದಲ ರೇಖೆಯ ಮಸಿಕಡ್ಡಿಯಾಗಿದ್ದಲ್ಲಿ ವಿದ್ಯಾರ್ಥಿಯ ಶಂಕೆಯು ತಾನಾಗಿಯೇ ಪರಿಹಾರವಾಗುತ್ತದೆ. ಶಕುಂತಲೆಗೆ ಬಣ್ಣ ತುಂಬಿ ಮುಗಿದಿದೆ. ಆದುದರಿಂದ ಕುಂಚವು ಅರಸನ ಬಳಿಯಲ್ಲಿ ಇದ್ದೇ ಇದ್ದೀತು. ಆದರೆ ನದಿ, ಹಂಸ, ಮರ, ಜಿಂಕೆಗಳಿಗೆ ಇನ್ನೂ ರೇಖೆಯೇ ಬಿದ್ದಿಲ್ಲ. ಅವುಗಳ ಮಟ್ಟಿಗೆ ಅರಸನು ನಮ್ಮ ಐದನೆಯ ದಿನದಲ್ಲಿದ್ದಾನೆ. ಅದಕ್ಕಾಗಿಯೇ ಅವನು ವರ್ತಿಕೆಯನ್ನು ಬೇಡುತ್ತಾನೆ. ಚತುರಿಕೆಯು ಅದನ್ನು ಕರಂಡಕದಲ್ಲಿಟ್ಟು ತರುವುದೂ, ಮುಟ್ಟಿದರೆ ಮುರಿಯುವ ಕಡ್ಡಿಗಳಿಗೆ ಉಚಿತವೇ ಆಗಿದೆ. ಆ ಕರಂಡಕವನ್ನು ರಾಣಿ ವಸುಮತಿಯು ದಾರಿಯಲ್ಲಿ ಕಸಿದುಕೊಳ್ಳುವುದರಿಂದ ವನವೂ ಹಂಸಗಳೂ ಬರೆಯಲ್ಪಡದೆಯೇ ಉಳಿಯುತ್ತವೆ. ಶಕುಂತಲೆಯು ಚಿತ್ರದಲ್ಲಿಯೂ ತನ್ನ ಆಶ್ರಮವನ್ನು ಸೇರಲಿಲ್ಲ. ‘ಕುಂಚ’ವೆಂದು ಅರ್ಥ ಹೇಳಿದಲ್ಲಿ ಈ ಧ್ವನಿಯು ಕೈತಪ್ಪಿಹೋಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಸೋಮೇಶ್ವರನು ಕಾಳಿದಾಸನಿಗಿಂತ ಅನೇಕ ಶತಮಾನಗಳ ಈಚಿನವನು. ಅವನ ಪರಿಭಾಷೆಯನ್ನು ಹಿಂದಕ್ಕೆ ಒಯ್ಯುವುದು ಸರಿಯೆ? ಎಂಬುದು ಮೊದಲನೆಯದು. ಪರಿಭಾಷೆಯೊಂದರಿಂದಲೇ ನಿರ್ಣಯಿಸಿದ್ದರೆ ಸರಿಯಲ್ಲವೆಂದೇ ಹೇಳುತ್ತಿದ್ದೆನು. ಆದರೆ ನಾಟಕದ ಸಂದರ್ಭವೂ ಅದೇ ಅರ್ಥವನ್ನು ಬೇಡುತ್ತಿರುವುದರಿಂದ ಎರಡೂ ಒಂದಕ್ಕೊಂದು ಆಧಾರವಾಗುತ್ತವೆ. ಎರಡನೆಯ ಆಕ್ಷೇಪವು ಇನ್ನೂ ಬಲವಾದುದು. ಅದೇ ಅಂಕದಲ್ಲಿ, ಚಿತ್ರದ ಕಪೋಲದ ಮೇಲೆ ಬಿದ್ದ ಅರಸನ ಕಣ್ಣೀರು ಬಣ್ಣದ ಉಬ್ಬುವಿಕೆಯಿಂದ ಕಾಣುತ್ತದೆಯೆಂಬ ಮಾತಿದೆ. ಅಲ್ಲಿ ಕೆಲವು ಪ್ರತಿಗಳಲ್ಲಿ ‘ವರ್ತಿಕಾ’ ಎಂದೂ ಕೆಲವು ಪ್ರತಿಗಳಲ್ಲಿ ‘ವರ್ಣಿಕಾ’ ಎಂದೂ ಪಾಠವುಂಟು. ಮೊದಲನೆಯದೇ ಪಾಠವಾದರೆ ವರ್ತಿಕೆಗೆ ಬಣ್ಣವೆಂಬ ಅರ್ಥವೂ ಒದಗಬೇಕಾಗುತ್ತದೆ.

ಇದನ್ನೂ ಗೋಡೆಯ ಮೇಲೆಯೇ ಪರೀಕ್ಷಿಸಿದೆವು. ಚಿತ್ರವು ಮುಗಿದ ಮರುದಿನ ಅಂಚಿನ ಒಂದು ಪಾರಿವಾಳದ ಮೇಲೆ ಚಿತ್ರಕಾರರು ಒಂದು ಹನಿ ನೀರನ್ನು ಬಿಟ್ಟರು. ಸರೇಸು ನೀರಿಗೆ ಮೆತ್ತಗಾಗುವ ವಸ್ತುವಾದುದರಿಂದ ಹನಿ ಬಿದ್ದ ಕಡೆ ಬಣ್ಣದ ಲೇಪವು ಸ್ವಲ್ಪ ಉಬ್ಬಿ, ಒಣಗಿದ ಮೇಲೂ ಕಲೆಯಾಗಿ ಉಳಿಯಿತು. ಮೊದಲೇ ಬೇರೆಯಾಗಿ ಎಳೆದಿಟ್ಟಿದ್ದ ಮಸಿಕಡ್ಡಿಯ ಗೆರೆಯ ಮೇಲೆ ಬಿಟ್ಟ ಹನಿಯಾದರೋ ಗೆರೆಯನ್ನು ಕದಡಿತು; ಉಬ್ಬು ಏಳಲಿಲ್ಲ. ಆದುದರಿಂದ ಉಬ್ಬುವುದು ಬಣ್ಣದ ಲೇಪದ ಧರ್ಮವು. ಆ ಸ್ಥಳದಲ್ಲಿ ‘ವರ್ಣಿಕಾ’ ಎಂಬ ಪಾಠವೇ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ. ಅರಸನ ಚಿತ್ರವು ಫಲಕದ ಮೇಲಿನದು, ನಮ್ಮದು ಗೋಡೆಯ ಮೇಲಿನದು ಎಂಬ ಭೇದವನ್ನು ನಾನು ಮರೆತಿಲ್ಲ. ಆದರೂ ಅಂಟಿನಿಂದ ಕೂಡಿದ ಬಣ್ಣದ ಸ್ವಭಾವವು ಎರಡರಲ್ಲಿಯೂ ಒಂದೇ.

ಚುರಮರಿ ಶೇಷಗಿರಿರಾಯರ ಮತ್ತು ಬಸವಪ್ಪಶಾಸ್ತ್ರಿಗಳ ಕಾಲದಿಂದ ಶಾಕುಂತಲವು ಕನ್ನಡದ ನಾಟಕವೇ ಆಗಿಹೋಗಿದೆ; ಅದನ್ನು ಪಾಠ ಹೇಳುವವರೂ ನಮ್ಮಲ್ಲಿ ಬಹುಮಂದಿ. ಅವರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ: ಆರನೆಯ ಅಂಕಕ್ಕೆ ಬಂದಾಗ ಒಂದು ಮಸಿಕಡ್ಡಿಯನ್ನೂ ಒಂದು ಕುಂಚವನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಯಾವುದು ಮೊದಲ ದಿನದ್ದು, ಯಾವುದು ಆಮೇಲಿನದ್ದು ಎಂದು ಕೇಳಬೇಕು. ಕೋಶವು ಹೇಳದೆ ಬಿಟ್ಟುದನ್ನು ಅನೇಕ ವೇಳೆ ಕೈಕೆಲಸವು ಹೇಳುತ್ತದೆ. ನನ್ನ ಅರ್ಥವನ್ನು ತಿದ್ದಿದ ಆ ವಿದ್ಯಾರ್ಥಿಗೂ, ತಮ್ಮ ಗೋಡೆಯನ್ನೂ ಹನ್ನೊಂದು ದಿನಗಳನ್ನೂ ನನಗೆ ಕೊಟ್ಟ ಚಿತ್ರಕಾರರಿಗೂ ನಾನು ಋಣಿಯು. ನೀರಿನ ಕಲೆಯುಳ್ಳ ಆ ಪಾರಿವಾಳವನ್ನು ಅವರು ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ.